ಕಾಡು ಉಳಿದರೆ ಸಾಲದು, ಕಾಡಿಂದ ಕಾಡಿಗೆ ದಾರಿಯೂ ಉಳಿಯಬೇಕು

2019ರ ಮಳೆಗಾಲದ ಶುರುವಿನಲ್ಲಿ ಮಹಾರಾಷ್ಟ್ರದ ಟಿಪೇಶ್ವರ ಅಭಯಾರಣ್ಯದಿಂದ ಒಂದು ಗಂಡು ಹುಲಿ ಹೊರಟಿತು. ಆಗಷ್ಟೇ ಹರೆಯಕ್ಕೆ ಬಂದಿತ್ತು. ಕೊರಳಲ್ಲಿ ರೇಡಿಯೋ ಕಾಲರ್ ಇದ್ದದ್ದರಿಂದ ಅದು ಎಲ್ಲಿ ಹೋಗುತ್ತಿದೆ ಅನ್ನೋದು ತಿಳಿಯುತ್ತಿತ್ತು. ಹಗಲು ಪೊದೆಯಲ್ಲಿ ಮಲಗಿ, ರಾತ್ರಿ ಹೊಲ, ರಸ್ತೆ, ಹಳ್ಳ, ಊರಂಚು ದಾಟಿಕೊಂಡು ಅದು ನಡೆಯಿತು. ತೆಲಂಗಾಣದ ಕಡೆಗೂ ಹೋಗಿ ಬಂತು. ಐದು ತಿಂಗಳಲ್ಲಿ ಸುಮಾರು 1,300 ಕಿಲೋಮೀಟರ್ ನಡೆದು ಮಹಾರಾಷ್ಟ್ರದಲ್ಲೇ ಇರುವ ಜ್ಞಾನಗಂಗಾ ಅಭಯಾರಣ್ಯ ಸೇರಿತು. ಆಮೇಲೂ ಅಲೆದಾಟ ನಿಲ್ಲಲಿಲ್ಲ. ಒಟ್ಟು ನಡಿಗೆ 3,000 ಕಿಲೋಮೀಟರ್ ದಾಟಿತು. ಹೊಸ ಜಾಗದಲ್ಲಿ ಬೇಟೆಗೆ ಪ್ರಾಣಿಗಳಿದ್ದವು, ನೀರಿತ್ತು. ಇನ್ನೊಂದು ಹುಲಿ ಮಾತ್ರ ಇರಲಿಲ್ಲ.

ಸುದ್ದಿ ಓದಿದವರು ಆ ಹುಲಿಯ ಸಾಹಸ ಮೆಚ್ಚಿಕೊಂಡರು. ಆದರೆ ಅದು ಮಾಡಿದ್ದು ಎಲ್ಲ ಗಂಡು ಹುಲಿಗಳೂ ಮಾಡುವ ಕೆಲಸ. ಎರಡು ವರ್ಷ ಆಗುತ್ತಿದ್ದಂತೆ ಮರಿ ತಾಯಿಯ ಜಾಗ ಬಿಡಬೇಕು. ಅಲ್ಲೇ ಉಳಿದರೆ ದೊಡ್ಡ ಗಂಡು ಹುಲಿಯ ಜೊತೆ ಜಗಳ, ಇಲ್ಲವೇ ಒಡಹುಟ್ಟಿದವರ ಜೊತೆಯೇ ಸಂಸಾರ. ಎರಡೂ ಒಳ್ಳೆಯದಲ್ಲ. ಅದಕ್ಕೇ ಹೊರಡುತ್ತದೆ. ಆನೆ ಹಿಂಡು ಮೇವು ನೀರಿಗಾಗಿ ಹೊರಡುತ್ತದೆ. ಕಪ್ಪೆ ಮೊಟ್ಟೆ ಇಡಲು ಕೆರೆ ಹುಡುಕಿ ಹೊರಡುತ್ತದೆ. ಮರವೂ ಹೊರಡುತ್ತದೆ, ಹಕ್ಕಿಯ ಹೊಟ್ಟೆಯಲ್ಲಿ ಬೀಜವಾಗಿ. ಓಡಾಟ ಅನ್ನೋದು ಜೀವಿಗಳಿಗೆ ಉಸಿರಾಟದಷ್ಟೇ ಸಹಜ. ನಾವು ಕಾಡನ್ನು ಗಡಿ ಹಾಕಿ ಕಾಪಾಡುವಾಗ ಮರೆತದ್ದು ಇದನ್ನೇ.

ಎರಡು ಕಾಡುಗಳ ನಡುವೆ ಪ್ರಾಣಿಗಳು ಓಡಾಡಲು ಉಳಿದಿರುವ ಜಾಗಕ್ಕೆ ಕಾರಿಡಾರ್ ಅನ್ನುತ್ತಾರೆ. ಆನೆ ಕಾರಿಡಾರ್, ಹುಲಿ ಕಾರಿಡಾರ್ ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಯಾಕೆ ಬೇಕು, ಅದನ್ನು ಹೇಗೆ ಗುರುತಿಸುತ್ತಾರೆ, ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕಾಡು ದ್ವೀಪವಾದಾಗ

ಸಮುದ್ರದ ದ್ವೀಪಗಳಲ್ಲಿ ಎಷ್ಟು ಬಗೆಯ ಜೀವಿಗಳಿರುತ್ತವೆ ಅನ್ನೋದಕ್ಕೆ 1967ರಲ್ಲಿ ರಾಬರ್ಟ್ ಮೆಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಒಂದು ಲೆಕ್ಕಾಚಾರ ಕೊಟ್ಟರು. ದ್ವೀಪ ಚಿಕ್ಕದಾದಷ್ಟೂ ಜೀವಿಗಳು ಬೇಗ ಅಳಿಯುತ್ತವೆ. ದಡದಿಂದ ದೂರವಾದಷ್ಟೂ ಹೊಸಬರು ಬರುವುದು ಕಮ್ಮಿ. ಅಳಿಯುವುದು, ಬರುವುದು ಇವೆರಡರ ನಡುವಿನ ಸಮತೋಲವೇ ಆ ದ್ವೀಪದಲ್ಲಿ ಎಷ್ಟು ಬಗೆ ಉಳಿಯುತ್ತವೆ ಎಂಬುದನ್ನು ತೀರ್ಮಾನಿಸುತ್ತದೆ.

ಸುತ್ತ ಹೊಲ, ರಸ್ತೆ, ಪಟ್ಟಣ ಬೆಳೆದ ಕಾಡಿನ ತುಂಡಿಗೂ ಇದೇ ಗತಿ ಅಂತ ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ನೀರು ಏರಿ, 1914ರ ಹೊತ್ತಿಗೆ ಒಂದು ಬೆಟ್ಟದ ತುದಿ ಬ್ಯಾರೋ ಕೊಲೊರಾಡೋ ಎಂಬ ದ್ವೀಪವಾಯಿತು. ಅದನ್ನು 1923ರಿಂದ ಸಂಶೋಧನೆಗಾಗಿ ಕಾಪಾಡಿಕೊಂಡು ಬಂದಿದ್ದಾರೆ. ಆದರೂ ಹತ್ತಾರು ಬಗೆಯ ಹಕ್ಕಿಗಳು ಅಲ್ಲಿಂದ ಕಾಣೆಯಾದವು. ಅಲ್ಲಿಂದ ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಹಾರಿ ಬರಬಹುದಿತ್ತು ಅಲ್ವಾ? ಬರಲಿಲ್ಲ. ದಟ್ಟ ಕಾಡಿನ ನೆರಳಲ್ಲೇ ಬದುಕುವ ಎಷ್ಟೋ ಹಕ್ಕಿಗಳು ಬಯಲಿಗೆ ಬರುವುದೇ ಇಲ್ಲ. ಬ್ರೆಜಿಲ್‌ನ ಮನೌಸ್ ಹತ್ತಿರ ಥಾಮಸ್ ಲವ್‌ಜಾಯ್ 1979ರಲ್ಲಿ ಶುರು ಮಾಡಿದ ದೊಡ್ಡ ಪ್ರಯೋಗದಲ್ಲೂ ಇದೇ ಕಂಡಿತು. ಕಾಡಿನ ತುಂಡುಗಳ ನಡುವೆ ಕೇವಲ 80 ಮೀಟರ್ ಬೋಳು ಜಾಗ ಇದ್ದರೂ ಕೆಲವು ಹಕ್ಕಿಗಳಿಗೆ ಅದು ದಾಟಲಾರದ ಗೋಡೆಯಾಗಿತ್ತು.

ರೆಕ್ಕೆ ಇದ್ದವರಿಗೇ ಹೀಗಾದರೆ, ನಡೆದು ಹೋಗುವವರ ಪಾಡು ನೀವೇ ಊಹಿಸಿ. 1987ರಲ್ಲಿ ವಿಲಿಯಂ ನ್ಯೂಮಾರ್ಕ್ ಪಶ್ಚಿಮ ಉತ್ತರ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಉದ್ಯಾನ ಘೋಷಣೆಯಾದ ಮೇಲೆಯೇ, ಕಾವಲಿನ ನಡುವೆಯೇ, ಸಸ್ತನಿಗಳು ಒಂದೊಂದಾಗಿ ಕಾಣೆಯಾಗಿದ್ದವು. ಉದ್ಯಾನ ಚಿಕ್ಕದಾದಷ್ಟೂ ನಷ್ಟ ಜಾಸ್ತಿ ಇತ್ತು.

ಒಂದು ತೋಳ ಬಂದು ಹೋದ ಕಥೆ

ಕಾಡು ತುಂಡಾದರೆ ಒಳಗೇನು ಆಗುತ್ತದೆ ಅನ್ನೋದನ್ನು ಐಲ್ ರಾಯಲ್‌ನಷ್ಟು ಚೆನ್ನಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಅದು ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಇರುವ ದೊಡ್ಡ ದ್ವೀಪ. 1940ರ ದಶಕದ ಕೊನೆಗೆ, ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದ್ದಾಗ, ಕೆಲವು ತೋಳಗಳು ಮಂಜುಗಡ್ಡೆಯ ಮೇಲೆ ನಡೆದು ಅಲ್ಲಿಗೆ ಬಂದವು. ದ್ವೀಪದಲ್ಲಿ ಮೂಸ್ ಎಂಬ ದೊಡ್ಡ ಕಡವೆಗಳಿದ್ದವು. ಊಟಕ್ಕೆ ಕೊರತೆ ಇರಲಿಲ್ಲ, ಬೇಟೆಗಾರರ ಕಾಟವೂ ಇರಲಿಲ್ಲ. 1958ರಿಂದ ವಿಜ್ಞಾನಿಗಳು ಅವುಗಳ ಬೆನ್ನು ಬಿಡದೆ ಲೆಕ್ಕ ಇಡುತ್ತಾ ಬಂದಿದ್ದಾರೆ.

ಆ ತೋಳಗಳು ತಲೆಮಾರು ಕಳೆದಂತೆ ಎಲ್ಲವೂ ಒಂದಕ್ಕೊಂದು ನೆಂಟರಾದವು. ಬೆನ್ನುಮೂಳೆ ಸರಿಯಾಗಿ ಕೂಡದ ಮರಿಗಳು ಹುಟ್ಟತೊಡಗಿದವು. 1997ರಲ್ಲಿ ಒಂದು ಗಂಡು ತೋಳ ಮತ್ತೆ ಮಂಜಿನ ಮೇಲೆ ನಡೆದು ಬಂತು. ಹೊಸ ರಕ್ತ, ಗಟ್ಟಿಮುಟ್ಟಾದ ಮೈ. ಕೆಲವೇ ವರ್ಷದಲ್ಲಿ ದ್ವೀಪದ ತೋಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಂಶವಾಹಿಗಳು ಅದೊಂದರದ್ದೇ ಆದವು. ಸುಧಾರಣೆ ಕಂಡಿತು. ಆದರೆ ಕಷ್ಟ ಇದ್ದದ್ದೂ ಅಲ್ಲೇ. ಎಲ್ಲರೂ ಒಂದೇ ಅಜ್ಜನ ಮೊಮ್ಮಕ್ಕಳಾದ ಮೇಲೆ ಮತ್ತೆ ಅದೇ ಪಾಡು. ಇನ್ನೊಂದು ತೋಳ ಬಂದಿದ್ದರೆ ಚೆನ್ನಾಗಿತ್ತು. ಆದರೆ ಹವೆ ಬಿಸಿಯಾಗುತ್ತಾ ಹೋದಂತೆ ಸರೋವರ ದಡದ ತನಕ ಹೆಪ್ಪುಗಟ್ಟುವುದೇ ಅಪರೂಪವಾಯಿತು. ದಾರಿ ಮುಚ್ಚಿತು. 2016ರ ಹೊತ್ತಿಗೆ ದ್ವೀಪದಲ್ಲಿ ಉಳಿದದ್ದು ಎರಡೇ ತೋಳ, ಒಂದು ಅಪ್ಪ, ಒಂದು ಮಗಳು. ಕೊನೆಗೆ 2018 ಮತ್ತು 2019ರಲ್ಲಿ ಹೊರಗಿನಿಂದ 19 ತೋಳಗಳನ್ನು ತಂದು ಬಿಡಬೇಕಾಯಿತು.

ಈ ಕಥೆಯನ್ನು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣ ಇದೆ. ಬೇಟೆ ಇಲ್ಲ, ಮೇವಿನ ಪ್ರಾಣಿಗಳು ಬೇಕಾದಷ್ಟಿವೆ, ಕಾಡು ಹಾಗೇ ಇದೆ. ನಾವು ಸಾಮಾನ್ಯವಾಗಿ ಸಂರಕ್ಷಣೆ ಅಂತ ಕರೆಯುವುದೆಲ್ಲ ಅಲ್ಲಿತ್ತು. ಇಲ್ಲದ್ದು ದಾರಿ ಒಂದೇ.

ಒಡಿಶಾದ ಸಿಮಿಲಿಪಾಲ್ ಕಾಡಿನ ಕಪ್ಪು ಹುಲಿಗಳ ಚಿತ್ರ ನೋಡಿರಬಹುದು. ಪಟ್ಟೆಗಳು ಅಗಲವಾಗಿ, ಒಂದಕ್ಕೊಂದು ಅಂಟಿಕೊಂಡು, ಮೈಯೆಲ್ಲ ಮಸಿ ಬಳಿದಂತೆ ಕಾಣುತ್ತದೆ. ನೋಡಲು ತುಂಬ ಚಂದ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಗುಟ್ಟು ಬಿಡಿಸಿತು. ಟ್ಯಾಕ್‌ಪೆಪ್ ಎಂಬ ಒಂದು ಜೀನಿನಲ್ಲಿ ಆದ ಒಂದೇ ಒಂದು ಬದಲಾವಣೆ ಇದಕ್ಕೆ ಕಾರಣ. ತಂದೆ, ತಾಯಿ ಇಬ್ಬರಿಂದಲೂ ಆ ಬದಲಾದ ಜೀನ್ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಬೇರೆ ಕಾಡುಗಳ ಹುಲಿಗಳಲ್ಲಿ ಆ ಬದಲಾವಣೆ ಅವರಿಗೆ ಸಿಗಲಿಲ್ಲ. ಸಿಮಿಲಿಪಾಲ್‌ನಲ್ಲಿ ಮಾತ್ರ ಮೂರರಲ್ಲಿ ಒಂದು ಹುಲಿ ಹೀಗಿದೆ. ಅಂದರೆ ಅಲ್ಲಿನ ಹುಲಿಗಳು ಬಹಳ ಕಾಲದಿಂದ ಹೊರಗಿನವರ ಸಂಪರ್ಕವಿಲ್ಲದೆ, ಕೆಲವೇ ಪೂರ್ವಜರಿಂದ ಬೆಳೆದು ಬಂದಿವೆ. ಆ ಬಣ್ಣದಿಂದ ಹುಲಿಗೇನೂ ತೊಂದರೆ ಇಲ್ಲದಿರಬಹುದು. ಆದರೆ ಕಣ್ಣಿಗೆ ಕಾಣುವ ಒಂದು ಜೀನ್ ಹೀಗೆ ಹಬ್ಬಿದ್ದರೆ, ಕಣ್ಣಿಗೆ ಕಾಣದ ಎಷ್ಟು ಹಬ್ಬಿವೆಯೋ.

ಅಮೆರಿಕದ ಫ್ಲಾರಿಡಾದ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳು ಈ ಹಾದಿಯಲ್ಲಿ ಇನ್ನೂ ಮುಂದೆ ಹೋಗಿದ್ದವು. 1990ರ ದಶಕದ ಶುರುವಿಗೆ 20-30 ಉಳಿದಿದ್ದವು. ಬಾಲದ ತುದಿ ಸೊಟ್ಟ, ಹೃದಯದಲ್ಲಿ ದೋಷ, ಗಂಡುಗಳ ವೃಷಣ ಇಳಿಯದಿರುವುದು ಎಲ್ಲ ಕಾಣಿಸಿಕೊಂಡಿತ್ತು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಮರಿಗಳು ಗಟ್ಟಿಯಾಗಿ ಹುಟ್ಟಿದವು, ಸಂಖ್ಯೆ ಮೂರು ಪಟ್ಟಾಯಿತು. ತಲೆಮಾರಿಗೆ ಹೊರಗಿನಿಂದ ಒಂದರಿಂದ ಹತ್ತು ಪ್ರಾಣಿಗಳು ಬಂದು ಸಂಸಾರ ಮಾಡಿದರೂ ಸಾಕು, ಇಂಥ ಕುಸಿತ ತಡೆಯಬಹುದು ಅನ್ನೋದು ತಳಿವಿಜ್ಞಾನಿಗಳ ಒಂದು ಸ್ಥೂಲ ಅಂದಾಜು. ದಾರಿ ತೆರೆದಿದ್ದರೆ ಆ ಕೆಲಸ ತಾನಾಗೇ ನಡೆಯುತ್ತದೆ. ಮುಚ್ಚಿದರೆ ಅರಿವಳಿಕೆ, ಬೋನು, ಲಾರಿ ಬೇಕು. ಅದೂ ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ.

ಯಾವುದು ದಾರಿ ಅಂತ ಹೇಳುವವರು ಯಾರು?

ಕಾರಿಡಾರ್ ಅಂದ ಕೂಡಲೇ ನಕ್ಷೆಯಲ್ಲಿ ಎರಡು ಹಸಿರು ಚುಕ್ಕೆಗಳ ನಡುವಿನ ಹಸಿರು ಪಟ್ಟಿ ಕಣ್ಣಮುಂದೆ ಬರುತ್ತದೆ. ಹಾಗಿದ್ದರೆ ಕೆಲಸ ಸುಲಭವಿತ್ತು. ಮೇಲಿನಿಂದ ನೋಡಲು ಹಸಿರು ಹಸಿರಾಗಿ ಕೂಡಿಕೊಂಡಿದ್ದರೂ ಪ್ರಾಣಿ ಅಲ್ಲಿ ಕಾಲಿಡದೇ ಇರಬಹುದು. ಏಕೆಂದರೆ ನಡುವೆ ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ, ನಾಯಿಗಳಿರುತ್ತವೆ, ತಂತಿ ಬೇಲಿ ಇರುತ್ತದೆ. ಇನ್ನೊಂದು ಕಡೆ ಬರೀ ಹೊಲ, ಆದರೆ ಹುಲಿ ರಾತ್ರೋರಾತ್ರಿ ದಾಟಿಹೋಗುತ್ತದೆ. ನೋಟಕ್ಕೆ ಕೂಡಿರುವುದು ಬೇರೆ, ಓಡಾಟಕ್ಕೆ ಕೂಡಿರುವುದು ಬೇರೆ. ಪ್ರಾಣಿಗೆ ಬೇಕಾದ್ದು ಎರಡನೆಯದು. ಅದೂ ಒಂದೊಂದು ಪ್ರಾಣಿಗೆ ಒಂದೊಂದು ಥರ. ಆನೆ ದಾಟುವ ಗದ್ದೆಯನ್ನು ಕೆಂಜಳಿಲು ದಾಟುವುದಿಲ್ಲ, ಅದಕ್ಕೆ ಮರದಿಂದ ಮರಕ್ಕೆ ಕೊಂಬೆ ತಾಗಬೇಕು. ಹಾರುವ ಹಕ್ಕಿಗೆ, ಚಿಟ್ಟೆಗೆ ಉದ್ದ ಪಟ್ಟಿಯೇ ಬೇಕಿಲ್ಲ. ನಡುನಡುವೆ ಚಿಕ್ಕ ಚಿಕ್ಕ ತೋಪುಗಳಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ಮೀನಿಗೆ ನದಿಯೇ ಕಾರಿಡಾರ್, ಒಂದು ಚಿಕ್ಕ ಒಡ್ಡು ಕಟ್ಟಿದರೂ ಅದರ ಪಾಲಿಗೆ ದಾರಿ ಬಂದ್.

ಹಾಗಾಗಿ ದಾರಿ ಹುಡುಕುವವರು ಮೊದಲು ಪ್ರಾಣಿಯನ್ನೇ ಕೇಳಬೇಕು. ಕೇಳುವ ಬಗೆಗಳು ಹಲವು. ಕಾಲರ್ ಹಾಕಿ ಹೆಜ್ಜೆ ಹಿಂಬಾಲಿಸುವುದು. ಪ್ರಾಣಿ ಹಾದಾಗ ತಾನಾಗೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಈ ಕಾಡಲ್ಲಿ ಕಂಡ ಪಟ್ಟೆ ಆ ಕಾಡಲ್ಲೂ ಕಂಡಿತಾ ಅಂತ ಹೊಂದಿಸಿ ನೋಡುವುದು. ಹಿಕ್ಕೆ, ಲದ್ದಿ ಆರಿಸಿ ಡಿಎನ್‌ಎ ತೆಗೆದು, ಎರಡು ಕಾಡಿನ ಪ್ರಾಣಿಗಳು ಎಷ್ಟು ಹತ್ತಿರದ ನೆಂಟರು ಅಂತ ಅಳೆಯುವುದು. ಇವೆಲ್ಲದರ ಜೊತೆ, ಆ ಜಾಗದಲ್ಲಿ ತಲೆತಲಾಂತರದಿಂದ ಬದುಕುತ್ತಿರುವವರನ್ನು ಕೇಳುವುದು. ಆನೆ ಯಾವ ತಿಂಗಳು ಯಾವ ಹಳ್ಳದಲ್ಲಿ ಇಳಿಯುತ್ತದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಯಾವ ಉಪಗ್ರಹಕ್ಕೂ ಗೊತ್ತಿಲ್ಲ.

ಇದನ್ನೆಲ್ಲ ನಕ್ಷೆಗೆ ಇಳಿಸುವ ಒಂದು ಚಂದದ ವಿಧಾನವನ್ನು ಬ್ರಾಡ್ ಮೆಕ್‌ರೇ ಎಂಬ ವಿಜ್ಞಾನಿ 2006ರಲ್ಲಿ ಮುಂದಿಟ್ಟರು. ವಿದ್ಯುತ್ ಸರ್ಕ್ಯೂಟಿನ ಲೆಕ್ಕವನ್ನೇ ಅವರು ಪ್ರಾಣಿಗಳ ಓಡಾಟಕ್ಕೆ ಹಚ್ಚಿದರು. ನಕ್ಷೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ ಆ ಪ್ರಾಣಿಗೆ ಅದು ಎಷ್ಟು ತಡೆ ಒಡ್ಡುತ್ತದೆ ಅಂತ ಒಂದು ಅಂಕ ಕೊಡುತ್ತಾರೆ. ದಟ್ಟ ಕಾಡಿಗೆ ತಡೆ ಕಮ್ಮಿ, ಹೊಲಕ್ಕೆ ಸ್ವಲ್ಪ ಜಾಸ್ತಿ, ನಾಲ್ಕು ಪಥದ ಹೆದ್ದಾರಿಗೆ ತುಂಬಾ ಜಾಸ್ತಿ. ಆಮೇಲೆ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಕರೆಂಟ್ ಹರಿಸಿದಂತೆ ಲೆಕ್ಕ ಹಾಕುತ್ತಾರೆ. ಕರೆಂಟ್ ಒಂದೇ ದಾರಿ ಹಿಡಿಯುವುದಿಲ್ಲ, ಇರುವ ಎಲ್ಲ ದಾರಿಗಳಲ್ಲೂ ಹಂಚಿಕೊಂಡು ಹರಿಯುತ್ತದೆ. ಪ್ರಾಣಿಗಳೂ ಹಾಗೇ, ಒಂದು ಇತ್ತ, ಇನ್ನೊಂದು ಅತ್ತ. ಎಲ್ಲಿ ಬೇರೆ ದಾರಿ ಇಲ್ಲದೆ ಎಲ್ಲ ಕರೆಂಟೂ ಒಂದು ಕಿರಿದಾದ ಜಾಗದಲ್ಲಿ ಒತ್ತಿಕೊಂಡು ಹರಿಯುತ್ತದೋ ಅದು ಇಕ್ಕಟ್ಟಿನ ಜಾಗ. ನಕ್ಷೆಯಲ್ಲಿ ಅದು ಕೆಂಪಗೆ ಉರಿಯುತ್ತಿರುತ್ತದೆ.

ಇಡೀ ವಿಷಯದಲ್ಲಿ ನೆನಪಿಡಬೇಕಾದ್ದು ಈ ಇಕ್ಕಟ್ಟಿನ ಜಾಗವನ್ನೇ ಅಂತ ನನ್ನ ಅನಿಸಿಕೆ. ಹತ್ತು ಕಿಲೋಮೀಟರ್ ಅಗಲದ ಕಾಡು ಎರಡೂ ಕಡೆ ಇದ್ದು, ನಡುವೆ ಇನ್ನೂರು ಮೀಟರ್ ಮಾತ್ರ ದಾರಿ ಇದ್ದರೆ, ಆ ದಾರಿಯ ಬೆಲೆ ಅದರ ಎಕರೆ ಲೆಕ್ಕದಲ್ಲಿ ಇಲ್ಲ. ಅಲ್ಲೊಂದು ಬೇಲಿ ಬಂದರೆ ಎರಡು ಕಾಡುಗಳಿಗೂ ಪೆಟ್ಟು. ಯೋಜನೆಯ ಕಾಗದದಲ್ಲಿ ಮಾತ್ರ ಅದು ಸುಮ್ನೆ "ಎರಡು ಎಕರೆ ಕುರುಚಲು" ಅಂತ ಇರುತ್ತದೆ. ಹೀಗೇ ದಾರಿಗಳು ಹೋಗುವುದು. ಯಾರೂ ಕಾಡು ಕಡಿದಿರುವುದಿಲ್ಲ. ಒಂದು ವರ್ಷ ಒಂದು ರೆಸಾರ್ಟ್, ಮರುವರ್ಷ ಒಂದು ಕಾಲುವೆ, ಆಮೇಲೆ ರಸ್ತೆ ಅಗಲೀಕರಣ. ಒಂದೊಂದನ್ನೂ ಬೇರೆ ಬೇರೆ ನೋಡಿದರೆ ಚಿಕ್ಕದೇ.

ರಸ್ತೆ ದಾಟಿಸುವ ಕೆಲಸ

ಈಗಿನ ಕಾಲದಲ್ಲಿ ದಾರಿ ಕಡಿಯುವುದರಲ್ಲಿ ರಸ್ತೆ, ರೈಲುಗಳದ್ದೇ ಮೇಲುಗೈ. ವಾಹನಕ್ಕೆ ಸಿಕ್ಕಿ ಸಾಯುವುದು ಒಂದು ನಷ್ಟ. ಸದ್ದಿಗೆ, ಬೆಳಕಿಗೆ ಹೆದರಿ ರಸ್ತೆಯ ಹತ್ತಿರವೇ ಬಾರದಿರುವುದು ಇನ್ನೊಂದು ನಷ್ಟ. ಸತ್ತದ್ದು ಕಣ್ಣಿಗೆ ಬೀಳುತ್ತದೆ, ಬಾರದೇ ಉಳಿದದ್ದು ಲೆಕ್ಕಕ್ಕೇ ಸಿಗುವುದಿಲ್ಲ.

ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ನಡುವೆ ಟ್ರಾನ್ಸ್-ಕೆನಡಾ ಹೆದ್ದಾರಿ ಹಾದುಹೋಗುತ್ತದೆ. ಅದನ್ನು ನಾಲ್ಕು ಪಥ ಮಾಡುವಾಗ ಎರಡೂ ಬದಿಗೆ ಸುಮಾರು 2.4 ಮೀಟರ್ ಎತ್ತರದ ಬೇಲಿ ಹಾಕಿದರು. ಬೇಲಿಯೊಂದೇ ಇದ್ದಿದ್ದರೆ ಉದ್ಯಾನ ಎರಡು ಹೋಳಾಗುತ್ತಿತ್ತು. ಅದಕ್ಕೇ ಬೇಲಿ ಪ್ರಾಣಿಗಳನ್ನು ಒಂದು ದಾಟುವ ಜಾಗದ ಕಡೆಗೆ ಒಯ್ಯುವಂತೆ ಮಾಡಿದರು. ಈಗ ಅಲ್ಲಿ 6 ಮೇಲ್ಸೇತುವೆ, 38 ಅಂಡರ್‌ಪಾಸ್ ಇವೆ. ಮೇಲ್ಸೇತುವೆ ಅಂದರೆ ವಾಹನಕ್ಕಲ್ಲ, ಪ್ರಾಣಿಗಳಿಗೆ. ಸುಮಾರು 50 ಮೀಟರ್ ಅಗಲ, ಮೇಲೆ ಮಣ್ಣು ಹಾಕಿ ಹುಲ್ಲು, ಗಿಡ, ಮರ ಬೆಳೆಸಿದ್ದಾರೆ. ಮೇಲೆ ನಿಂತರೆ ಕೆಳಗೆ ಲಾರಿಗಳು ಓಡುತ್ತಿವೆ ಅಂತ ಪ್ರಾಣಿಗೆ ಕಾಣಬಾರದು ಅನ್ನೋದು ಲೆಕ್ಕ.

1996ರಲ್ಲಿ ಮೊದಲ ಎರಡು ಮೇಲ್ಸೇತುವೆ ಮುಗಿದಾಗ ಪ್ರಾಣಿಗಳು ಸಾಲುಗಟ್ಟಿ ಬರಲಿಲ್ಲ. ಜಿಂಕೆ, ಅದರದೇ ಜಾತಿಯ ದೊಡ್ಡ ಎಲ್ಕ್‌ಗಳು ಬೇಗ ಒಗ್ಗಿಕೊಂಡವು. ಗ್ರಿಜ್ಲಿ ಕರಡಿ, ತೋಳಗಳು ಅನುಮಾನದಿಂದ ದೂರವೇ ಉಳಿದವು. ಅವು ನಂಬಿ ದಾಟಲು ನಾಲ್ಕೈದು ವರ್ಷ ಹಿಡಿಯಿತು. ಒಮ್ಮೆ ತಾಯಿ ಕರಡಿ ದಾಟಿದರೆ ಮರಿಗಳಿಗೆ ಅದು ಪಾಠ, ಅವು ದೊಡ್ಡವಾದ ಮೇಲೆ ತಮ್ಮ ಮರಿಗಳನ್ನು ಕರೆದುಕೊಂಡು ಬರುತ್ತವೆ. ಎರಡೇ ವರ್ಷ ನೋಡಿ ವರದಿ ಬರೆದಿದ್ದರೆ "ಸೇತುವೆ ಉಪಯೋಗವಿಲ್ಲ" ಅಂತ ಬರೆಯುತ್ತಿದ್ದರು. ಇಂಥ ಕೆಲಸಗಳನ್ನು ಅಳೆಯುವಾಗ ತಾಳ್ಮೆ ಎಷ್ಟು ಮುಖ್ಯ ನೋಡಿ. ಇನ್ನೂ ಒಂದು ಸಂಗತಿ ಗೊತ್ತಾಯಿತು. ಗ್ರಿಜ್ಲಿ, ತೋಳ, ಎಲ್ಕ್‌ಗಳಿಗೆ ಮೇಲಿನ ಅಗಲವಾದ, ತೆರೆದ ಸೇತುವೆ ಇಷ್ಟ. ಕಪ್ಪು ಕರಡಿ, ಪ್ಯೂಮಾಗಳಿಗೆ ಇಕ್ಕಟ್ಟಾದ, ಮಬ್ಬು ಅಂಡರ್‌ಪಾಸ್ ಇಷ್ಟ. ಒಂದೇ ಅಳತೆಯ ಮೋರಿ ಕಟ್ಟಿ ಎಲ್ಲ ಪ್ರಾಣಿಗಳಿಗೂ ಆಯಿತು ಅಂದರೆ ಆಗುವುದಿಲ್ಲ.

ಬೇಲಿ, ದಾಟು ಎರಡೂ ಸೇರಿ ಅಲ್ಲಿ ವಾಹನಕ್ಕೆ ಪ್ರಾಣಿಗಳು ಡಿಕ್ಕಿಯಾಗುವುದು ನೂರಕ್ಕೆ 80ಕ್ಕಿಂತ ಹೆಚ್ಚು ಇಳಿಯಿತು. ಜಿಂಕೆ, ಎಲ್ಕ್ ಮಟ್ಟಿಗೆ 96. ದಾಟಿದ ಕರಡಿಗಳು ಆ ಕಡೆ ಹೋಗಿ ಸಂಸಾರ ಮಾಡಿದವಾ? ಅದನ್ನೂ ನೋಡಿದ್ದಾರೆ. ದಾಟುವ ಜಾಗದಲ್ಲಿ ಅಡ್ಡಲಾಗಿ ಮುಳ್ಳುತಂತಿ ಕಟ್ಟಿದರು. ಕರಡಿ ದಾಟುವಾಗ ಒಂದೆರಡು ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆ ಕೂದಲಿನ ಡಿಎನ್‌ಎಯಿಂದ ಯಾವ ಕರಡಿ, ಯಾರ ಮಗು, ಯಾರ ಅಪ್ಪ ಅನ್ನೋದೆಲ್ಲ ತಿಳಿಯಿತು. ದಾಟಿದವುಗಳಲ್ಲಿ ಹಲವು ಆಚೆ ಬದಿಯಲ್ಲಿ ಮರಿ ಮಾಡಿದ್ದವು. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಕಾರಿಡಾರ್ ವಿಜ್ಞಾನದಲ್ಲಿ ದೊಡ್ಡ ಮಾತು. ಪ್ರಾಣಿ ದಾಟಿತು ಅನ್ನೋದಷ್ಟೇ ಸಾಲದು, ಅದರ ರಕ್ತ ಆ ಕಡೆ ಬೆರೆಯಬೇಕು.

ಮಧ್ಯ ಭಾರತದ ಪೆಂಚ್ ಕಾಡಿನಲ್ಲಿ ಹಾದುಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯನ್ನು ಅಗಲ ಮಾಡುವಾಗ, ಮಹಾರಾಷ್ಟ್ರದ ಭಾಗದಲ್ಲಿ ಒಂಬತ್ತು ಕಡೆ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿದರು. ಅದರಲ್ಲಿ ಅತಿ ಉದ್ದದ್ದು 750 ಮೀಟರ್. ಪ್ರಾಣಿಗಳು ನೆಲದ ಮೇಲೇ ನಡೆಯುತ್ತವೆ, ವಾಹನ ತಲೆಯ ಮೇಲೆ ಹೋಗುತ್ತದೆ. 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಅಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 18 ಬಗೆಯ ಕಾಡುಪ್ರಾಣಿಗಳು ದಾಟುತ್ತಿದ್ದವು, ಅದರಲ್ಲಿ 11 ಹುಲಿಗಳೂ ಇದ್ದವು. ಈ ದಾಟುಗಳು ಸುಮ್ಮನೆ ಬಂದದ್ದಲ್ಲ. ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದವರಿದ್ದಾರೆ.

ಎಲ್ಲ ಕಡೆ ಹೀಗೆ ಫಲಿಸುವುದಿಲ್ಲ. ಅಸ್ಸಾಂನ ಹೊಲ್ಲೊಂಗಾಪಾರ್ ಗಿಬ್ಬನ್ ಅಭಯಾರಣ್ಯವನ್ನು ರೈಲು ಹಳಿ ಎರಡು ಭಾಗ ಮಾಡಿದೆ. ಹೂಲಾಕ್ ಗಿಬ್ಬನ್ ಅನ್ನೋ ಬಾಲವಿಲ್ಲದ ವಾನರ ನೆಲಕ್ಕೆ ಇಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ತೂಗಿಕೊಂಡು ಹೋಗುತ್ತದೆ. ಹಳಿಯ ಮೇಲೆ ಒಂದು ಕಬ್ಬಿಣದ ಸೇತುವೆ ಕಟ್ಟಿಕೊಟ್ಟರು. ಗಿಬ್ಬನ್‌ಗಳು ಅದನ್ನು ಬಳಸಲಿಲ್ಲ. ಆಮೇಲೆ ಹಳಿಯ ಎರಡೂ ಬದಿ ಮರ ಬೆಳೆಸಿ ಮೇಲೆ ಕೊಂಬೆ ಕೂಡಿಸುವ ಕಡೆಗೆ ಗಮನ ಹೋಯಿತು. ಕಟ್ಟುವ ಮೊದಲು ಅದರ ಕೈಕಾಲು ಹೇಗೆ ಆಡುತ್ತವೆ ಅಂತ ನೋಡಬೇಕು.

ದಾರಿ ಅಂದರೆ ಜಾಗವೊಂದೇ ಅಲ್ಲ, ಹೊತ್ತೂ ಹೌದು. 2009ರಿಂದ ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಓಡಾಟಕ್ಕೆ ತಡೆ ಇದೆ. ರಸ್ತೆ ಅಲ್ಲೇ ಇದೆ, ಆದರೆ ಅಷ್ಟು ಹೊತ್ತು ಅದು ಪ್ರಾಣಿಗಳದ್ದು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 62 ಬಗೆಯ ಸಸ್ತನಿಗಳನ್ನು ನೋಡಿ, ಮನುಷ್ಯರ ಓಡಾಟ ಹೆಚ್ಚಿದ ಕಡೆ ಅವು ಹಗಲು ಬಿಟ್ಟು ರಾತ್ರಿಗೆ ಸರಿಯುತ್ತಿವೆ ಅಂತ ಹೇಳಿತು. ಅವುಗಳಿಗೆ ಉಳಿದ ಕೊನೆಯ ದಾರಿ ರಾತ್ರಿಯೇ ಆಗಿರುವಾಗ, ಅದನ್ನೂ ತೆಗೆದುಕೊಳ್ಳಬೇಕಾ ಅನ್ನೋದು ನ್ಯಾಯವಾದ ಪ್ರಶ್ನೆ.

ನಿಜವಾಗಿ ಕೆಲಸ ಮಾಡುತ್ತದಾ?

ಕಾರಿಡಾರ್ ಬಗ್ಗೆ ವಿಜ್ಞಾನಿಗಳಲ್ಲೇ ಅನುಮಾನಗಳಿದ್ದವು. ಡೇನಿಯಲ್ ಸಿಂಬರ್ಲಾಫ್ ಅಂಥವರು 1980ರ ದಶಕದಿಂದಲೂ ಕೇಳುತ್ತಿದ್ದ ಪ್ರಶ್ನೆಗಳು ಗಟ್ಟಿಯಾಗಿದ್ದವು. ಎರಡು ಕಾಡು ಕೂಡಿಸಿದರೆ ರೋಗ, ಬೆಂಕಿ, ಕಳೆ ಕೂಡ ಅದೇ ದಾರಿಯಲ್ಲಿ ಬರುವುದಿಲ್ಲವಾ? ಅದೇ ದುಡ್ಡಲ್ಲಿ ಕಾಡನ್ನೇ ದೊಡ್ಡದು ಮಾಡಬಹುದಲ್ಲ? ಕೂಡಿಸಿದ್ದರಿಂದ ಲಾಭ ಆಯಿತೋ, ಜಾಗ ಹೆಚ್ಚಾದದ್ದರಿಂದ ಆಯಿತೋ?

ಕೊನೆಯ ಪ್ರಶ್ನೆಗೆ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಜಾಣತನದ ಒಂದು ಪ್ರಯೋಗ ಮಾಡಿದರು. ಪೈನ್ ಕಾಡಿನ ನಡುವೆ ಒಂದೊಂದು ಹೆಕ್ಟೇರಿನಷ್ಟು ಬಯಲು ತುಂಡುಗಳನ್ನು ಮಾಡಿದರು, ಅಲ್ಲಿನ ಹುಲ್ಲುಗಾವಲಿನ ಗಿಡಗಳಿಗೆ ಬಯಲೇ ಮನೆ. ಕೆಲವು ತುಂಡುಗಳನ್ನು 150 ಮೀಟರ್ ಉದ್ದದ ಪಟ್ಟಿಯಿಂದ ಕೂಡಿಸಿದರು. ಇನ್ನು ಕೆಲವಕ್ಕೆ ಅಷ್ಟೇ ಜಾಗವನ್ನು ರೆಕ್ಕೆಯ ಹಾಗೆ ಬದಿಗೆ ಸೇರಿಸಿದರು, ಆದರೆ ಅದು ಎಲ್ಲಿಗೂ ತಲುಪುವುದಿಲ್ಲ. ಜಾಗ ಸಮ, ಸಂಪರ್ಕ ಮಾತ್ರ ಬೇರೆ. ಕೆಲವೇ ವರ್ಷದಲ್ಲಿ ಕೂಡಿದ ತುಂಡುಗಳಲ್ಲಿ ಗಿಡಗಳ ಬಗೆ ನೂರಕ್ಕೆ 20ರಷ್ಟು ಹೆಚ್ಚಿತ್ತು ಅಂತ 2006ರಲ್ಲಿ ಎಲೆನ್ ಡ್ಯಾಮ್‌ಶೆನ್ ಮತ್ತು ಜೊತೆಗಾರರು ಬರೆದರು. ಹದಿನೆಂಟು ವರ್ಷ ಆದ ಮೇಲೂ ಆ ಲಾಭ ಉಳಿದೇ ಇತ್ತು. ಅದೇ ಜಾಗದಲ್ಲಿ ಹೊರಗಿನ ಬೆಂಕಿ ಇರುವೆಯೂ ಕೂಡಿದ ತುಂಡುಗಳಲ್ಲಿ ಹೆಚ್ಚಾಗಿ ಹಬ್ಬಿದ್ದು ಕಂಡಿತು, ಕಾಲ ಕಳೆದಂತೆ ಆ ವ್ಯತ್ಯಾಸ ಕಮ್ಮಿಯಾಯಿತು. ಹಾಗಾಗಿ ಅನುಮಾನ ಪಟ್ಟವರ ಮಾತೂ ಸುಳ್ಳಲ್ಲ. ಕಾರಿಡಾರ್ ಮಾಡುವವರು ರೋಗದ ಮೇಲೆ, ಕಳೆಯ ಮೇಲೆ ಕಣ್ಣಿಡಲೇಬೇಕು. ಆದರೆ ತೂಕ ಹಾಕಿ ನೋಡಿದರೆ ಒಂಟಿಯಾಗಿ ಬಿಡುವುದರ ನಷ್ಟವೇ ಜಾಸ್ತಿ.

ಕಾಡನ್ನು ದೊಡ್ಡದು ಮಾಡಬಹುದಲ್ಲ ಅನ್ನೋ ಪ್ರಶ್ನೆಗೆ ಉತ್ತರ ಸುಲಭ: ಎಲ್ಲಿ ಆಗುತ್ತದೋ ಅಲ್ಲಿ ಮಾಡಿ. ಕಾರಿಡಾರ್ ಕಾಡಿನ ಬದಲಿ ಅಲ್ಲ. ಇತ್ತ ನೂರು ಎಕರೆ ಕಾಡು ಕಡಿದು, ಅತ್ತ ಒಂದು ಹಸಿರು ಪಟ್ಟಿ ಬಿಟ್ಟಿದ್ದೇವೆ ಅನ್ನುವವರನ್ನು ನಂಬಬೇಡಿ.

ಹವಾಮಾನ ಬದಲಾಗುತ್ತಿರುವುದರಿಂದ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ತಂಪು ಬೇಕಾದ ಗಿಡ, ಕಪ್ಪೆ, ಹಕ್ಕಿಗಳು ಬೆಟ್ಟದ ಬುಡದಿಂದ ಮೇಲಕ್ಕೆ, ಬಿಸಿಯ ಕಡೆಯಿಂದ ಧ್ರುವದ ಕಡೆಗೆ ಸರಿಯುತ್ತಿವೆ. ಗಡಿ ಹಾಕಿ ಕಾಪಾಡಿದ ಜಾಗದಲ್ಲಿ ಐವತ್ತು ವರ್ಷದ ನಂತರ ಅವುಗಳಿಗೆ ಬೇಕಾದ ಹವೆ ಇರದೇ ಹೋಗಬಹುದು. ಅಲ್ಲಿಂದ ಹೊರಡಲು ದಾರಿ ಬೇಕು. ಕಣಿವೆಯಿಂದ ತುದಿಯವರೆಗೆ, ಹೊಳೆಯ ದಡಗುಂಟ ಕಾಡು ಬಿಟ್ಟುಕೊಂಡು ಬರುವುದು ಇದಕ್ಕಾಗಿ. 1999ರಲ್ಲಿ ಭೂತಾನ್ ತನ್ನ ಸಂರಕ್ಷಿತ ಕಾಡುಗಳನ್ನು ಕೂಡಿಸುವ ಕಾರಿಡಾರ್‌ಗಳನ್ನು ಘೋಷಿಸಿತು. 2022ರಲ್ಲಿ ಜಗತ್ತಿನ ದೇಶಗಳು ಮಾಂಟ್ರಿಯಲ್‌ನಲ್ಲಿ ಸೇರಿ 2030ರೊಳಗೆ ಭೂಮಿಯ ಶೇ. 30 ಭಾಗ ಕಾಪಾಡಬೇಕು ಅಂತ ಒಪ್ಪಿದಾಗ, ಆ ಜಾಗಗಳು ಒಂದಕ್ಕೊಂದು ಚೆನ್ನಾಗಿ ಕೂಡಿರಬೇಕು ಅನ್ನೋ ಮಾತನ್ನೂ ಸೇರಿಸಿದರು.

ಆ ಜಾಗದಲ್ಲಿ ಜನರೂ ಇದ್ದಾರೆ

ಕಾರಿಡಾರ್‌ನ ಬಹುಪಾಲು ನೆಲ ಅಭಯಾರಣ್ಯದ ಒಳಗಿರುವುದಿಲ್ಲ. ಅಲ್ಲಿ ಹೊಲ ಇದೆ, ತೋಟ ಇದೆ, ಮನೆ ಇದೆ. ಆನೆ ದಾಟುವ ದಾರಿಯಲ್ಲಿ ಭತ್ತ ಬೆಳೆದವರ ನಷ್ಟ ಒಂದೇ ರಾತ್ರಿಯಲ್ಲಿ ಆಗುತ್ತದೆ, ಪರಿಹಾರ ಬರುವುದು ಯಾವಾಗಲೋ. ಅವರ ಸಿಟ್ಟು ತಪ್ಪಲ್ಲ. ನಕ್ಷೆಯಲ್ಲಿ ಗೆರೆ ಎಳೆದು ಇನ್ನು ಇದು ಕಾರಿಡಾರ್ ಅಂತ ಹೇಳಿಬಿಟ್ಟರೆ, ಅವರಿಗೆ ಅದು ತಮ್ಮನ್ನು ಒಕ್ಕಲೆಬ್ಬಿಸುವ ನೋಟಿಸಿನ ಹಾಗೇ ಕೇಳುತ್ತದೆ.

ಭಾರತ ಸರ್ಕಾರದ 2023ರ ವರದಿ ದೇಶದಲ್ಲಿ 150 ಆನೆ ಕಾರಿಡಾರ್‌ಗಳನ್ನು ಗುರುತಿಸಿತು. ಅವುಗಳನ್ನು ಉಳಿಸಲು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ನೀಲಗಿರಿಯ ಸಿಗೂರಿನಲ್ಲಿ ದಾರಿಗೆ ಅಡ್ಡ ಕಟ್ಟಿದ್ದ ರೆಸಾರ್ಟ್‌ಗಳ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 2020ರಲ್ಲಿ ಕೋರ್ಟ್ ಆನೆಗಳ ದಾರಿಯ ಪರ ತೀರ್ಪು ಕೊಟ್ಟಿತು. ವಯನಾಡಿನ ತಿರುನೆಲ್ಲಿ-ಕುದ್ರಕೋಟೆ ಕಾರಿಡಾರ್‌ನಲ್ಲಿ ಕೆಲವು ಚಿಕ್ಕ ಊರುಗಳ ಜನ ತಾವೇ ಒಪ್ಪಿ ಬೇರೆ ಕಡೆ ಮನೆ, ಜಮೀನು ಪಡೆದು ಹೋದರು. ಆನೆಗಳ ಕಾಟದಲ್ಲಿ ಸೋತಿದ್ದ ಅವರಿಗೂ ಅದು ಬೇಕಾಗಿತ್ತು. ಜನ ಒಪ್ಪಿ ಹೋದದ್ದಕ್ಕೂ ಎಬ್ಬಿಸಿ ಕಳಿಸಿದ್ದಕ್ಕೂ ಅಜಗಜಾಂತರ. ಬಲವಂತದಿಂದ ಆದ ಕಾರಿಡಾರ್ ಸುತ್ತಲಿನವರ ಹಗೆ ಕಟ್ಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಆರಿಸಲು ಯಾರೂ ಬರುವುದಿಲ್ಲ.

ಎಲ್ಲ ಕಡೆ ಜನ ಎದ್ದು ಹೋಗಬೇಕಾಗಿಯೂ ಇಲ್ಲ. ಹುಲಿಗೆ, ಆನೆಗೆ ಆ ಜಾಗದಲ್ಲಿ ವಾಸ ಮಾಡಬೇಕಾಗಿಲ್ಲ, ದಾಟಿದರೆ ಸಾಕು. ಸೋಲಾರ್ ಬೇಲಿಯನ್ನು ಮನೆ, ಬೆಳೆಯ ಸುತ್ತ ಹಾಕಿ, ದಾಟುವ ಕಡೆ ತೆರೆದಿಡಬಹುದು. ರಾತ್ರಿ ದೀಪ ಕಮ್ಮಿ ಮಾಡಬಹುದು. ಬೆಳೆ ನಷ್ಟಕ್ಕೆ ತಡಮಾಡದೆ ದುಡ್ಡು ಕೊಡಬಹುದು, ಇದೊಂದು ಸರಿಯಾದರೆ ಅರ್ಧ ಜಗಳ ಮುಗಿದಂತೆ. ಹಿಂಡು ಬರುವುದನ್ನು ಮೊಬೈಲಿಗೆ ಮೆಸೇಜ್ ಕಳಿಸಿ ತಿಳಿಸುವ ವ್ಯವಸ್ಥೆ ತಮಿಳುನಾಡಿನ ವಾಲ್ಪಾರೈಯಲ್ಲಿ ಇದೆ. ಅಲ್ಲಿನ ಟೀ ತೋಟಗಳ ನಡುವೆ ಉಳಿದಿರುವ ಕಾಡಿನ ಚಿಕ್ಕ ಚಿಕ್ಕ ತುಂಡುಗಳಲ್ಲೇ ಆನೆಗಳು ಹಗಲು ಕಳೆಯುತ್ತವೆ, ಕತ್ತಲಾದ ಮೇಲೆ ತೋಟದ ನಡುವೆ ನಡೆದು ಮುಂದೆ ಹೋಗುತ್ತವೆ. ಅದನ್ನು ಯಾವ ಇಲಾಖೆಯೂ ಕಟ್ಟಲಿಲ್ಲ, ಇರುವುದನ್ನು ಕೆಡಿಸದೆ ಬಿಟ್ಟಿದ್ದಾರೆ, ಅಷ್ಟೇ.

ಇನ್ನು ಮುಂದೆ ಯಾವುದಾದರೂ ರಸ್ತೆ, ರೈಲು, ಕಾಲುವೆ ಯೋಜನೆಯಲ್ಲಿ "ಪ್ರಾಣಿಗಳಿಗೆ ಕಾರಿಡಾರ್ ಬಿಟ್ಟಿದ್ದೇವೆ" ಅನ್ನೋ ಸಾಲು ಕಂಡರೆ ಅಲ್ಲಿಗೇ ನಿಲ್ಲಬೇಡಿ. ಯಾವ ಪ್ರಾಣಿಗೆ ಬಿಟ್ಟಿದ್ದಾರೆ, ಅದು ಅಲ್ಲಿ ಮೊದಲಿನಿಂದ ದಾಟುತ್ತಿತ್ತಾ ಅಥವಾ ಕಟ್ಟಲು ಸುಲಭವಾದ ಕಡೆ ಬಿಟ್ಟಿದ್ದಾರಾ ಅಂತ ಕೇಳಿ. ಅಗಲ ಎಷ್ಟು, ರಾತ್ರಿ ದೀಪ ಇರುತ್ತದಾ, ಬೇಲಿ ಎಲ್ಲಿಂದ ಎಲ್ಲಿಯವರೆಗೆ ಅಂತ ಕೇಳಿ. ಐದು ವರ್ಷ ಆದ ಮೇಲೂ ಕ್ಯಾಮೆರಾ ಇಟ್ಟು ನೋಡುವವರು ಯಾರು, ಅದಕ್ಕೆ ದುಡ್ಡು ಎಲ್ಲಿದೆ ಅಂತ ಕೇಳಿ. ಎಲ್ಲಕ್ಕಿಂತ ಮೊದಲು, ಆ ಸೇತುವೆ ದಾಟಿ ಇಳಿದ ಪ್ರಾಣಿಗೆ ಎದುರಿಗೆ ಸಿಗುವ ನೆಲ ಯಾರದ್ದು, ಹತ್ತು ವರ್ಷದ ನಂತರ ಅಲ್ಲಿ ಏನು ಬರಲಿದೆ ಅಂತ ಕೇಳಿ. ಕೋಟಿಗಟ್ಟಲೆ ಸುರಿದು ಕಟ್ಟಿದ ದಾಟಿನ ಆ ತುದಿಯಲ್ಲೇ ಲೇಔಟ್ ಆದರೆ, ಕಟ್ಟಿದ್ದೂ ದಂಡ, ಕಾಡೂ ದಂಡ.